ಮೆತ್ತನೆಯ ಹಿಟ್ಟು

ಹೋದ ತಿಂಗಳು ಪೇಪರಿನವರು ಬಂದು ನಮ್ಮ ಭಾವ ಮುನೀಂದ್ರನ ಫೋಟೊ ತೆಗೆದುಕೊಂಡು ಹೋದರು. ಸೋಂಪುರದಲ್ಲಿ ರಾಗಿಮುದ್ದೆ ಮಾಡುವ ಮಿಷನ್ನಿನ ಕಂಪನಿ ಕಟ್ಟಿದ ಸಾಹಸಿ ಅಂತ ಅರ್ಧ ಪುಟ ಬರೆದರು. ಬರೆಯಲಿ, ನಾನೇನು ಬೇಡ ಅನ್ನಲಿಲ್ಲ. ಆದರೆ ಅಷ್ಟುದ್ದದ ಬರಹದಲ್ಲಿ ನನ್ನಕ್ಕ ಅನುಸೂಯಮ್ಮನ ಸುದ್ದಿ ಬಂದದ್ದು ಒಂದೇ ಕಡೆ, ಅದೂ 'ಪತ್ನಿಯ ಸಹಕಾರ' ಅಂತ. ಸಹಕಾರವಂತೆ, ಸಹಕಾರ! ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಂಪನಿಯ ಪ್ಯಾಕಿಂಗಿನಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವವಳು ನಾನು, ಪ್ರಮೋದಾ. ನಡೆದದ್ದು ಏನು ಅಂತ ನಾನೇ ಹೇಳುತ್ತೇನೆ, ಕೇಳಿ.

ನಮ್ಮ ತವರು ತೂಬಗೆರೆ. ಅಕ್ಕನನ್ನು ಸೋಂಪುರದ ಪಕ್ಕದ ಹಳ್ಳಿಗೆ ಕೊಟ್ಟರು, ಹಿಂದೆಯೇ ನನ್ನನ್ನೂ ಅದೇ ಊರಿಗೆ ಕೊಟ್ಟರು. ನಮ್ಮ ಕಡೆ ಮುದ್ದೆಗೆ ಮುದ್ದೆ ಅನ್ನುವುದು ಹೋಟೆಲಿನವರು. ಮನೆಯಲ್ಲಿ ಅದು ಹಿಟ್ಟು. ಹಿಟ್ಟು ಉಂಡ್ಯಾ ಅಂದರೆ ಊಟ ಆಯಿತಾ ಅಂತಲೇ ಅರ್ಥ. ಅಕ್ಕ ಕೋಲು ಹಾಕಿ ತಿರುವಿ ತೊಳಸಿದ ಹಿಟ್ಟು ಅಂದರೆ ಊರಲ್ಲಿ ಹೆಸರುವಾಸಿ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಅವಳ ಅತ್ತೆ ಮಾರಕ್ಕ ಬಾಯಲ್ಲಿ ಹೊಗಳುವ ಜಾತಿಯಲ್ಲ, ಆದರೂ ಸೊಸೆ ತೊಳಸಿದ ದಿನ ಒಂದು ತುತ್ತು ಹೆಚ್ಚೇ ಉಣ್ಣುತ್ತಿದ್ದಳು.

ಅಂಥ ಅಕ್ಕ ಒಂದು ದಿನ ಭಾವನ ಮೊಪೆಡ್ಡಿನ ಹಿಂದೆ ಕೂತು ದಾಬಸ್‌ಪೇಟೆಗೆ ಹೊರಟವಳು ದಾರಿಯಲ್ಲಿ ಬಿದ್ದುಬಿಟ್ಟಳು. ಬಲಭುಜದ ನರ ಹೋಯಿತು. ಆಸ್ಪತ್ರೆ, ಎಣ್ಣೆ, ಕಟ್ಟು ಎಲ್ಲ ಆಯಿತು, ಕೈ ಮಾತ್ರ ಮತ್ತೆ ಮೇಲೇಳಲಿಲ್ಲ. ಉಳಿದ ಕೆಲಸವನ್ನೆಲ್ಲ ಎಡಗೈಯಲ್ಲಿ ಕಲಿತಳು. ಆದರೆ ಹಿಟ್ಟು ತೊಳಸಲು ಎರಡು ಕೈ ಬೇಕು, ರಟ್ಟೆಯಲ್ಲಿ ಬಲ ಬೇಕು. ವಯಸ್ಸಾದ ಮಾರಕ್ಕ ಕೋಲು ತೆಗೆದುಕೊಂಡು ಒಲೆಯ ಮುಂದೆ ಕೂತಳು. ಏದುಸಿರು ಬಿಡುತ್ತಾ ತೊಳಸುವ ಅತ್ತೆಯನ್ನು ನೋಡಿ ಅಕ್ಕ ಹಿತ್ತಿಲಿಗೆ ಹೋಗಿ ಅಳುತ್ತಿದ್ದಳು.

"ಆ ವಯಸ್ನಲ್ಲಿ ಅವ್ರು ಬೇಯ್ಸಿ ಹಾಕೋದು, ನಾನು ಕೂತ್ಕಂಡು ಉಣ್ಣೋದು. ಗಂಟ್ಲಲ್ಲಿ ಇಳೀತದೇನೆ ಪ್ರಮೋದಾ? ಇನ್ನೊಂದ್ ಸಲ ನಾನು ಮಾಡಿದ್ ಹಿಟ್ಟು ಅವ್ರು ಉಂಡ್ರೆ ಸಾಕು ಕಣೆ," ಅಂದಳು.

ಭಾವನಿಗೆ ದಾಬಸ್‌ಪೇಟೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಅಕ್ಕ ಅವನ ಬೆನ್ನು ಬಿದ್ದಳು. ಗ್ರೈಂಡರ್ ತಿರುಗುತ್ತದೆ, ಮಿಕ್ಸಿ ತಿರುಗುತ್ತದೆ, ಹಿಟ್ಟಿನ ಕೋಲು ಯಾಕೆ ತಿರುಗಬಾರದು ಅಂತ. ಅವನು ಮೊದಲು ನಕ್ಕ. ಆಮೇಲೆ ಇವಳ ಕಾಟ ತಡೆಯಲಾರದೆ ಹಳೆಯ ಗ್ರೈಂಡರಿನ ಮೋಟಾರಿಗೆ ಕೋಲು ಕಟ್ಟಿದ. ಸ್ವಿಚ್ ಹಾಕಿದ್ದೇ ತಡ, ಕುದಿಯುವ ಹಿಟ್ಟು ಹಾರಿ ಗೋಡೆಗೆ ಬಡಿಯಿತು. ಗಾರೆ ಕೆಲಸದವರ ಕರಣೆ ತಂದು ಅದನ್ನು ಕೆರೆದವಳು ನಾನೇ! ಆಮೇಲಿನದು ಗಂಟು ಗಂಟಾಯಿತು, ಅದರಾಚೆಯದು ಹೊಗೆ ಹಾಕಿಕೊಂಡು ನಿಂತಿತು. ಅಕ್ಕ ಮಾತ್ರ ಪ್ರತಿ ಸಲವೂ ಪಾತ್ರೆಯ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಗಂಟನ್ನ ಅಟ್ಟಿಸ್ಕೊಂಡು ಹೋದ್ರೆ ಆಗಲ್ಲ ಕಣ್ರೀ. ಪಾತ್ರೆಗೆ ಒತ್ತಿ ಒಡೀಬೇಕು," ಅನ್ನುವಳು. ಅವನು ಬಿಚ್ಚುವನು, ಮತ್ತೆ ಕಟ್ಟುವನು. ಇಬ್ಬರಿಗೂ ಬೇಸರ ಅನ್ನುವುದೇ ಇರಲಿಲ್ಲ. ನಾನಾಗಿದ್ದರೆ ಅದನ್ನು ಎಂದೋ ಗುಜರಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ.

ಕೊನೆಗೊಂದು ದಿನ, ಪಾತ್ರೆಯ ತಳಕ್ಕೆ ಬೇಯಿಸುವ ಕರೆಂಟಿನ ಕಾಯಿಲನ್ನೂ ಕೂರಿಸಿದ ಮೇಲೆ, ಕೋಲು ಸರಿಯಾಗಿ ತಿರುಗಿತು, ಹಿಟ್ಟು ಆಯಿತು! ಅಬ್ಬಾ, ತಾನಾಗಿ ತಿರುಗುವ ಆ ಕೋಲು ನೋಡಿ ನನಗೆ ಮೈ ಜುಮ್ಮೆಂದಿತು. ಅಕ್ಕ ಎಡಗೈಯಲ್ಲೇ ಹಿಟ್ಟನ್ನು ಉಂಡೆ ಕಟ್ಟಿ, ಅತ್ತೆಯ ತಟ್ಟೆಗೆ ಇಟ್ಟಳು. ಮಾರಕ್ಕ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

"ಅದು ಕರೆಂಟಿನ್ ಹಿಟ್ಟು ಕಣವ್ವ. ನಂಗಿನ್ನೂ ರಟ್ಟೇಲಿ ಶಕ್ತಿ ಐತೆ," ಅಂದು ತನ್ನ ಪಾಲಿನದನ್ನು ತಾನೇ ತೊಳಸಿಕೊಂಡಳು. ಅವತ್ತಿನಿಂದ ಮನೆಯವರಿಗೆಲ್ಲ ಮಿಷನ್ನಿನದು, ಮಾರಕ್ಕನಿಗೆ ಮಾತ್ರ ಒಲೆಯದು. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಊರವರು ಬಂದು ನಮಗೂ ಒಂದು, ನಮಗೂ ಒಂದು ಅಂದರು. ಭಾವ ಸೋಂಪುರದಲ್ಲಿ ಶೆಡ್ ಬಾಡಿಗೆ ಹಿಡಿದ. ಬೆಂಗಳೂರಿನ ಅಂಗಡಿಯೊಂದು ದೊಡ್ಡ ಆರ್ಡರ್ ಕೊಟ್ಟಿತು. ಬಾಕ್ಸಿನ ಮೇಲೆ ಏನು ಬರೆಸುವುದು? ಭಾವ 'ಮುದ್ದೆ' ಅಂದ. ಅಕ್ಕ ಉರಿದುಬಿದ್ದಳು. "ನಮ್ಮನೇಲಿ ಯಾರಾದ್ರೂ ಮುದ್ದೆ ಅಂತಾರಾ? ನಾವೇನು ಹೋಟ್ಲು ಇಟ್ಟಿದೀವಾ?" ಅಂದಳು. ಅವಳು ಹೇಳಿದ ಹಾಗೆಯೇ ದಪ್ಪ ಅಕ್ಷರದಲ್ಲಿ ಅಚ್ಚಾಯಿತು: 'ಮನೆ ಹಿಟ್ಟು. ಐದೇ ನಿಮಿಷದಲ್ಲಿ ಮೆತ್ತನೆಯ ಹಿಟ್ಟು ರೆಡಿ.' ಓದಿ ನಾವೆಲ್ಲ ಭೇಷ್ ಅಂದೆವು. ಒಬ್ಬರಿಗೂ ಏನೂ ಹೊಳೆಯಲಿಲ್ಲ ನೋಡಿ.

ಸ್ವಲ್ಪ ದಿನಕ್ಕೇ ಮಿಷನ್ನುಗಳು ವಾಪಸ್ ಬರತೊಡಗಿದವು. ಮೋಟಾರು ಸುಟ್ಟಿದೆ, ಕೋಲು ಮುರಿದಿದೆ, ತಳದಲ್ಲಿ ಏನೋ ಬೆಳ್ಳಗೆ ಕಲ್ಲಿನಂತೆ ಹತ್ತಿಕೊಂಡಿದೆ. ಭಾವ ಬಿಚ್ಚಿ ಬಿಚ್ಚಿ ನೋಡಿದ, ತಲೆಬುಡ ಅರ್ಥವಾಗಲಿಲ್ಲ. ಉಳಿದವನ್ನೂ ತೆಗೆದುಕೊಂಡು ಹೋಗಿ ಅಂತ ಅಂಗಡಿಯವರ ಫೋನು ಬಂತು.

"ಸಾಕು ಬಿಡೆ. ಶೆಡ್ ಬಿಟ್ಟು ವೈಂಡಿಂಗಿಗೇ ಹೋಗ್ತೀನಿ," ಅಂದ ಭಾವ.

"ನೀವು ಹೋಗ್ತೀರ. ನಾನು ಎಲ್ಲಿಗ್ ಹೋಗ್ಲಿ?" ಅಂದಳು ಅಕ್ಕ. "ಇದು ನಿಂತ್ರೆ ಅತ್ತೆ ಕಣ್ಣಲ್ಲಿ ನಾನು ಸಾಯೋ ತನಕ ಕೂತುಂಡೋಳೇ."

ಮರುದಿನ ಒಂದು ಮಿಷನ್ನು, ರಾಗಿ ಹಿಟ್ಟು, ಕ್ಯಾರಿಯರಿನಲ್ಲಿ ಬಸ್ಸಾರು ಹಿಡಿದು ಬೆಂಗಳೂರಿಗೆ ಹೊರಟೇಬಿಟ್ಟಳು. ಒಂಟಿ ಕೈಯವಳನ್ನು ಹೇಗೆ ಕಳಿಸುವುದು ಅಂತ ನಾನು ಹೊರಟೆ. ನಮ್ಮಿಬ್ಬರನ್ನೇ ಹೇಗೆ ಕಳಿಸುವುದು ಅಂತ ಮಾರಕ್ಕನೂ ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಒಬ್ಬ ಟೀಚರಮ್ಮ ಮಿಷನ್ ವಾಪಸ್ ಕೊಡಲು ಬಂದು ಜಗಳಕ್ಕೆ ನಿಂತಿದ್ದರು. "ಹಿಟ್ಟು ರೆಡಿ ಅಂತ ನೀವೇ ಬರ್ದಿದೀರಲ್ರೀ! ಚಪಾತಿ ಹಿಟ್ಟು ಹಾಕಿದ್ರೆ ಕಲಸೋ ಬದ್ಲು ಬೇಯ್ಸಿ ಇಟ್ಟಿದೆ. ನಮ್ಮ ಪಕ್ಕದ ಮನೆಯವ್ರು ದೋಸೆ ಹಿಟ್ಟು ಹಾಕಿ ಇನ್ನೂ ಕೆರೀತಾ ಇದಾರೆ!"

ನಮಗೆ ಸಿಡಿಲು ಬಡಿದಂತಾಯಿತು. ಹಿಟ್ಟು ಅಂದರೆ ಬೆಂಗಳೂರಿನವರಿಗೆ ಕಲಸುವ ಹಿಟ್ಟು! ನಾವು ಉಣ್ಣುವ ಹಿಟ್ಟು ಅವರಿಗೆ ಗೊತ್ತೇ ಇಲ್ಲ. ಅಕ್ಕ ಗೋಡೆಗೆ ಒರಗಿ ನಿಂತಳು. ಆಮೇಲೆ ಸೀದಾ ಟೀಚರಮ್ಮನ ಮುಂದೆ ಹೋಗಿ, "ತಪ್ಪು ಮಿಷನ್ದಲ್ಲ ಅಮ್ಮ, ನಂದು. ಮುದ್ದೆ ಅಂತ ಬರ್ಸ್ಬೇಕಿತ್ತು. ಒಂದ್ ಗಳಿಗೆ ನಿಂತ್ಕೊಳ್ಳಿ," ಅಂದಳು.

ಅಲ್ಲೇ ಟೇಬಲ್ಲಿನ ಮೇಲೆ ಮಿಷನ್ನಿನಲ್ಲೇ ಎಸರಿಟ್ಟಳು. ರಾಗಿ ಹಿಟ್ಟು ಸುರಿದು ಬೇಯಲು ಬಿಟ್ಟು ಬಟನ್ ಒತ್ತಿದಳು. ಕೋಲು ತಿರುಗುತ್ತಾ ಘಮ ಎದ್ದಿತು. ಟಿವಿ ನೋಡಲು ಬಂದವರು, ಫ್ರಿಜ್ ನೋಡಲು ಬಂದವರು ಎಲ್ಲ ಸುತ್ತ ಮುತ್ತಿಕೊಂಡರು. ಅಕ್ಕ ತಟ್ಟೆ ಜಾರದಂತೆ ಹೊಟ್ಟೆಗೆ ಒತ್ತಿ ಹಿಡಿದು, ಎಡಗೈ ನೀರಿಗೆ ಅದ್ದಿ, ಹೊಗೆಯಾಡುವ ಹಿಟ್ಟನ್ನು ಸುತ್ತಿದಳು. ಬೆರಳು ಕೆಂಪಾದರೂ ಬಿಡಲಿಲ್ಲ. ನುಣ್ಣನೆಯ ದುಂಡು ಮುದ್ದೆ ತಟ್ಟೆಯ ಮೇಲೆ ಕೂತಿತು. ಎಷ್ಟೋ ವರ್ಷ ಜೊತೆಗೆ ಬೆಳೆದವಳನ್ನು ನಾನು ಅವತ್ತು ಹೊಸಬಳಂತೆ ಬಾಯಿ ಬಿಟ್ಟುಕೊಂಡು ನೋಡಿದೆ.

ಟೀಚರಮ್ಮ ಬಸ್ಸಾರಿಗೆ ಅದ್ದಿ ಒಂದು ತುತ್ತು ಬಾಯಿಗಿಟ್ಟು, "ಪರ್ವಾಗಿಲ್ವೇ! ಮಿಷನ್ನು ಎಷ್ಟ್ ಚೆನ್ನಾಗಿ ಮಾಡಿದೆ," ಅಂದರು.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮಾರಕ್ಕ ದಡಕ್ಕನೆ ಎದ್ದಳು.

"ಮಿಷನ್ನು ಮಾಡ್ತಾ? ಕಣ್ ಕಾಣಲ್ವಾ ತಾಯಿ ನಿಮ್ಗೆ? ಆ ಕೈ ನೋಡಿ, ಹೆಂಗೆ ಬೆಂದೈತೆ! ನನ್ ಸೊಸೆ ಮಾಡಿದ್ದು ಅದು!"

ಮಾರಕ್ಕ ಜನರನ್ನು ಸರಿಸಿಕೊಂಡು ಟೇಬಲ್ಲಿನ ಹತ್ತಿರ ಬಂದು, ಅಲ್ಲಿದ್ದ ಖಾಲಿ ತಟ್ಟೆಯೊಂದನ್ನು ಎತ್ತಿ ಅಕ್ಕನ ಮುಂದೆ ಹಿಡಿದಳು.

"ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ. ನಂಗೂ ಒಂದು ಕಟ್ಟವ್ವ," ಅಂದಳು.