ಸ್ವಲ್ಪ ದಿನ ದೂರ ಇರಲಿ

ಮೊನ್ನೆ ನಮ್ಮ ಮನೆಗೆ ಬಂದಿದ್ದ ಹುಡುಗಿಯೊಬ್ಬಳು ಕೂತಲ್ಲೇ ಲೋಟದ ಮೇಲೆ ಲೋಟ ನೀರು ಕುಡಿದಳು. ಸೆಕೆಯೇನೂ ಇರಲಿಲ್ಲ. ಅವರೆಕಾಯಿ ಕಾಲ, ದೊಡ್ಡಬಳ್ಳಾಪುರದಲ್ಲಿ ಬಿಸಿಲೇರಿದರೂ ಸ್ವೆಟರ್ ಬಿಚ್ಚಲು ಮನಸ್ಸಾಗದ ಚಳಿ. ಆದರೂ ಅವಳ ಹಣೆಯಲ್ಲಿ ಬೆವರು.

ಅವಳು ಬಂದಿದ್ದು ಪ್ರಶ್ನೆ ಕೇಳಲು. ಉತ್ತರ ಕೊಡಬೇಕಾದವಳು ನಾನು. ಹಾಗಾದರೆ ಬೆವರಬೇಕಾದವಳೂ ನಾನೇ ಅಲ್ಲವೇ?

ಹುಡುಗಿಯ ಹೆಸರು ನಸ್ರೀನ್. ದೇವನಹಳ್ಳಿಯವಳು. ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡ ಹೆಂಗಸರ ಬದುಕು ಆಮೇಲೆ ಹೇಗಿದೆ ಎನ್ನುವುದು ಅವಳ ರಿಸರ್ಚ್. ‘ಕ್ವಾಲಿಟಿ ಆಫ್ ಲೈಫ್’ ಎನ್ನುತ್ತಾರಂತೆ. (ನಮ್ಮ ಲೈಫಿಗೂ ಒಂದು ಕ್ವಾಲಿಟಿ ಇರಬಹುದೆಂದು ಒಬ್ಬರಾದರೂ ಕೇಳಿಕೊಂಡು ಬಂದರಲ್ಲ, ಅಷ್ಟಕ್ಕೇ ಅವಳಿಗೆ ಫಿಲ್ಟರ್ ಕಾಫಿ ಮಾಡಿಕೊಟ್ಟೆ.)

ಹಳೆಯ ಓದುಗರಿಗೆ ನೆನಪಿರಬಹುದು, ಎರಡು ವರ್ಷದ ಹಿಂದೆ ಈ ಅಂಕಣ ಕೆಲವು ತಿಂಗಳು ನಾಪತ್ತೆಯಾಗಿತ್ತು. ‘ಅನಿವಾರ್ಯ ಕಾರಣಗಳಿಂದ’ ಎಂದು ಪತ್ರಿಕೆಯವರು ಹಾಕಿದ್ದರು. ಆ ಅನಿವಾರ್ಯ ಕಾರಣ ನನ್ನ ಹೊಟ್ಟೆಯೊಳಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ಆಯಿತು, ರೇಡಿಯೇಷನ್ ಆಯಿತು. ನಮ್ಮ ಕಡೆ ಅದನ್ನು ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ನಾನೂ ಕರೆಂಟ್ ಕೊಡಿಸಿಕೊಂಡು ಬಂದೆ. ಡಾಕ್ಟರು ಸ್ಕ್ಯಾನ್ ನೋಡಿ ಇನ್ನೇನೂ ಇಲ್ಲ, ಕ್ಲಿಯರ್ ಎಂದರು. ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟೆ.

ಅದರಾಚೆಗಿನದನ್ನು ಯಾರೂ ಕೇಳಲಿಲ್ಲ.

ನಸ್ರೀನ್ ಬಂದ ದಿನ ಮನೆಯಲ್ಲಿ ನಮ್ಮ ಯಜಮಾನರ ಅಕ್ಕನೂ ಇದ್ದರು. ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ತಮ್ಮೂರು ಆವತಿಯಿಂದ ಬಂದಿದ್ದರು. ಅತ್ತಿಗೆ ಬರಿಗೈಯಲ್ಲಿ ಬಂದವರೇ ಅಲ್ಲ. ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಹೊಲ, ಹಸು ಎಲ್ಲ ಸೊಸೆಗೆ ಬಿಟ್ಟು ಬಂದು, ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದವರು ಅವರೇ. ಅವರ ಮೇಲೆ ಮುನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

“ನೀವು ಒಬ್ರೇ ಇದ್ರೆ ಒಳ್ಳೇದಿತ್ತು ಅಮ್ಮ” ಎಂದಳು ನಸ್ರೀನ್ ಮೆಲ್ಲಗೆ.

“ನಾನೇನು ಹೊರಗಿನೋಳಾ?” ಎಂದರು ಅತ್ತಿಗೆ. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಮುಂದಕ್ಕೆ ಎಳೆದುಕೊಂಡು ಹಾಲ್‌ನಲ್ಲೇ ಸಿಪ್ಪೆ ಹಿತುಕಲು ಕೂತರು. “ಇವ್ಳ ಜೊತೆ ಆಸ್ಪತ್ರೇಲಿ ಇದ್ದೋಳೇ ನಾನು. ಕೇಳವ್ವ, ಅದೇನ್ ಕೇಳ್ತೀಯೋ.”

ಪ್ರೈವೆಸಿ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಕಾಯಿಲೆ ಬಿದ್ದವರನ್ನು ಒಂಟಿಯಾಗಿ ಬಿಡುವುದಿಲ್ಲವಲ್ಲ, ಹಾಗೆ.

“ಊಟ ಸೇರುತ್ತಾ ಅಮ್ಮ?”

“ಸೇರ್ತದೆ. ಖಾರ ಒಂದು ಆಗಲ್ಲ.” ಇದು ಅತ್ತಿಗೆ.

“ನಿದ್ದೆ ಬರುತ್ತಾ?”

“ಮಲ್ಗಿದ್ರೆ ಎಬ್ಬರ್ಸಕ್ಕಾಗಲ್ಲ.” ಇದೂ ಅತ್ತಿಗೆ.

“ಮನಸ್ಸಿಗೆ ಬೇಜಾರು ಅನ್ಸುತ್ತಾ?”

“ಇವ್ಳಿಗ್ಯಾಕೆ ಬೇಜಾರು? ದೇವ್ರಂಥ ಗಂಡ.”

ನನ್ನ ಲೈಫಿನ ಕ್ವಾಲಿಟಿಗೆ ಅತ್ತಿಗೆ ಧಾರಾಳವಾಗಿ ಮಾರ್ಕ್ಸ್ ಹಾಕುತ್ತಿದ್ದರು.

ದೇವರಂಥ ಗಂಡ ಎನ್ನುವ ಮಾತನ್ನು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಸುಳ್ಳೇನಲ್ಲ. ನಮ್ಮ ಮನೆಯವರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಬೆಳಿಗ್ಗೆ ಎದ್ದು ನನಗೆ ನೀರು ಕಾಯಿಸಿ, ಮಾತ್ರೆ ತೆಗೆದಿಟ್ಟು ಡ್ಯೂಟಿಗೆ ಹೋಗುತ್ತಾರೆ. ಬರುವಾಗ ಎಳನೀರು ತರುತ್ತಾರೆ. ಒಂದು ಒರಟು ಮಾತಿಲ್ಲ. ಆದರೆ ಕಾಫಿ ಲೋಟವನ್ನು ನನ್ನ ಕೈಗೆ ಕೊಡುವುದಿಲ್ಲ. ಟೀಪಾಯಿಯ ಮೇಲಿಟ್ಟು ಸರಿದುಕೊಳ್ಳುತ್ತಾರೆ. ನಾನು ಆಸ್ಪತ್ರೆಯಿಂದ ಬಂದ ದಿನವೇ ಅವರ ಹಾಸಿಗೆ ಹಾಲ್‌ನ ದಿವಾನಕ್ಕೆ ಹೋಯಿತು. ‘ನಿಂಗೆ ನಿದ್ದೆ ಕೆಡುತ್ತೆ’ ಎಂದರು. ಆ ಹಾಸಿಗೆ ಮತ್ತೆ ರೂಮಿಗೆ ಬರಲೇ ಇಲ್ಲ.

ನೀವು ಯಾವತ್ತಾದರೂ ದೇವರ ಜೊತೆ ಸಂಸಾರ ಮಾಡಿದ್ದೀರಾ? ಬೇಡ, ಆಸೆಪಡಬೇಡಿ. ದೇವರು ಎಲ್ಲ ಕೊಡುತ್ತಾನೆ, ಮುಟ್ಟುವುದಿಲ್ಲ.

ನಾನು ಏನೆಂದುಕೊಂಡಿದ್ದೆ ಗೊತ್ತೇ? ಅವರಿಗೆ ಅಸಹ್ಯ ಎಂದುಕೊಂಡಿದ್ದೆ. ಕಾಯಿಲೆ ಬಂದ ಈ ಮೈ ಅವರಿಗೆ ಬೇಡವಾಗಿದೆ, ಒಳ್ಳೆಯ ಮನುಷ್ಯನಾದ್ದರಿಂದ ಬಾಯಿಬಿಟ್ಟು ಹೇಳುತ್ತಿಲ್ಲ ಎಂದು. ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತರೆ ನನಗೂ ಹಾಗೇ ಅನ್ನಿಸತೊಡಗಿತ್ತು. ರಸ್ತೆಗುಂಡಿಯಿಂದ ಹಿಡಿದು ರಾಜಕೀಯದವರೆಗೆ ವಾರ ವಾರ ಇಲ್ಲಿ ಬಡಬಡಿಸುವ ನನಗೆ, ಪಕ್ಕದ ಕೋಣೆಯಲ್ಲಿ ಮಲಗಿರುವ ಮನುಷ್ಯನನ್ನು ‘ಯಾಕ್ರೀ?’ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿ, ಅವರು ಹೌದು ಎಂದುಬಿಟ್ಟರೆ?

ಸಂಜೆಯ ಹೊತ್ತು ಇಬ್ಬರೂ ಮನೆಯಲ್ಲೇ ಇರುತ್ತಿದ್ದೆವು. ಟಿ.ವಿ. ಓಡುತ್ತಿರುತ್ತಿತ್ತು. ಅವರು ದಿವಾನದ ಮೇಲೆ, ನಾನು ರೂಮಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು. ಅಷ್ಟು ಒಬ್ಬಂಟಿಯಾಗಿ ನಾನು ಆಸ್ಪತ್ರೆಯ ಮೆಷಿನ್ನಿನ ಕೆಳಗೂ ಮಲಗಿರಲಿಲ್ಲ. ಯಾರೂ ಇಲ್ಲದವರ ಒಂಟಿತನವನ್ನು ಹೇಳಿಕೊಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಇದನ್ನು ಹೇಳಿಕೊಂಡರೆ? ಈ ವಯಸ್ಸಿನಲ್ಲಿ ಇವಳಿಗೇನು ಬಂತು ಎನ್ನುತ್ತಾರೆ.

(ನನಗೆ ನಲವತ್ತೊಂಬತ್ತು. ನಾನೇ ಹೇಳಿಬಿಡುತ್ತೇನೆ, ನೀವು ಊಹಿಸಿ ಜಾಸ್ತಿ ಮಾಡಬೇಡಿ.)

ಸರಿ, ನಸ್ರೀನ್ ಇನ್ನೊಂದು ಲೋಟ ನೀರು ಕೇಳಿದಳು. ಕುಡಿದಳು. ಆಮೇಲೆ ಅವಳ ಕೈಯಲ್ಲಿದ್ದ ಹಾಳೆಗಳಲ್ಲಿ ಎರಡನ್ನು ಒಟ್ಟಿಗೇ ಮಗುಚಿದಳು. ನಾನು ನೋಡಿದೆ.

“ಅದೇನಮ್ಮ ಬಿಟ್ಟೆ?”

“ಅದು ನಿಮಗೆ ಬೇಕಾಗಲ್ಲ ಅಮ್ಮ.”

“ಮತ್ಯಾರಿಗೆ ಬೇಕಾಗುತ್ತೆ?”

ಪಾಪ, ಕಿವಿಯವರೆಗೂ ಕೆಂಪಾದಳು. “ಗಂಡ ಹೆಂಡತಿ ವಿಷಯ ಅಮ್ಮ. ನಮ್ ಗೈಡ್ ಮೇಡಂ ಎಲ್ರಿಗೂ ಕೇಳ್ಲೇಬೇಕು ಅಂದಿದಾರೆ. ಪೇಶೆಂಟ್ಸ್ ನಾಚ್ಕೊಂಡ್ರೆ ಹೆಂಗೆ ಮಾತಾಡಿಸ್ಬೇಕು ಅಂತಾನೂ ಹೇಳ್ಕೊಟ್ಟಿದಾರೆ. ನಮಗೇ ನಾಚ್ಕೆ ಆದ್ರೆ ಏನ್ ಮಾಡೋದು ಅಂತ ಹೇಳ್ಕೊಡ್ಲಿಲ್ಲ. ಬಂದ ತಕ್ಷಣ ನಿಮ್ಮನ್ನ ಅಮ್ಮ ಅಂದ್ಬಿಟ್ಟೆ. ಅಮ್ಮ ಅಂದ್ಮೇಲೆ ಇದನ್ನೆಲ್ಲ ಹೆಂಗ್ ಕೇಳೋದು?”

ನಾನು ಈ ಮಾತನ್ನು ನಿರೀಕ್ಷಿಸಿರಲಿಲ್ಲ. ಆದರೆ ನಿಜವಲ್ಲವೇ? ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ನೆಂಟರು. ಅಮ್ಮ, ಅಜ್ಜಿ, ಅಣ್ಣ, ತಾತ. ಸೂಜಿ ಚುಚ್ಚುವಾಗ ‘ಆಯ್ತು ಅಮ್ಮ, ಆಯ್ತು’ ಎಂದರೆ ನೋವು ಕೂಡ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಅಮ್ಮನಿಗೆ ಗಂಜಿ ಬೇಕು, ಮಾತ್ರೆ ಬೇಕು, ಬೆಚ್ಚಗೆ ಹೊದಿಕೆ ಬೇಕು ಎಂದು ಹೊಳೆಯುತ್ತದೆಯೇ ಹೊರತು ಬೇರೇನಾದರೂ ಬೇಕಿರಬಹುದು ಎಂದು ಯಾವ ಮಕ್ಕಳಿಗೆ ಹೊಳೆಯುತ್ತದೆ? ಹೊಳೆದರೂ ಯಾರು ಕೇಳುತ್ತಾರೆ?

“ಹಂಗಾದ್ರೆ ಅಮ್ಮ ಬೇಡ, ಮೇಡಂ ಅನ್ನು” ಎಂದೆ. “ಕೇಳು.”

ಅವಳು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ತಲೆ ತಗ್ಗಿಸಿ ಅವರೆಕಾಳು ಹಿತುಕುತ್ತಿದ್ದರು. ಸ್ವಲ್ಪ ಒಳಗೆ ಹೋಗಿ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. “ಇರಲಿ, ಕೇಳಮ್ಮ” ಎಂದೆ.

ನಸ್ರೀನ್ ಹಾಳೆಯಿಂದ ಕಣ್ಣೆತ್ತದೆ ಓದಿದಳು. “ಚಿಕಿತ್ಸೆಯ ನಂತರದ ಲೈಂಗಿಕ ಜೀವನದ ಬಗ್ಗೆ ಆಸ್ಪತ್ರೆಯ ಸಿಬ್ಬಂದಿ ನಿಮಗೆ ಮಾಹಿತಿ ನೀಡಿದ್ದಾರೆಯೇ?”

“ಇಲ್ಲ” ಎಂದೆ.

“ಯಾಕಿಲ್ಲ?” ಎಂದರು ಅತ್ತಿಗೆ. “ಡಿಸ್ಚಾರ್ಜ್ ಮಾಡಿದ್ ದಿನ ಸಿಸ್ಟರು ನನ್ನ ಪಕ್ಕಕ್ಕೆ ಕರ್ದು ಹೇಳಿದ್ರಲ್ಲ.”

ನಾನು ತಿರುಗಿ ನೋಡಿದೆ. “ಏನಂತ ಅತ್ತಿಗೆ?”

“ಸ್ವಲ್ಪ ದಿನ ಗಂಡ ಹೆಂಡ್ತಿ ದೂರ ಇರ್ಲಿ, ಒಳಗಿನ ಗಾಯ ಮಾಯ್ಬೇಕು ಅಂತ. ನಾನು ಅವತ್ತೇ ಮೆಟ್ಲ ಹತ್ರ ನನ್ ತಮ್ಮಂಗೆ ಹೇಳ್ದೆ. ಅವ್ಳು ಉಳೀಬೇಕು ಅಂದ್ರೆ ದೂರ ಇರಪ್ಪಾ ಅಂತ.”

“ಸ್ವಲ್ಪ ದಿನ ಅಂತ ಇವ್ರಿಗೆ ಹೇಳಿದ್ರಾ?”

“ದಿನದ್ ಲೆಕ್ಕ ಎಲ್ಲ ಯಾರ್ ಹೇಳ್ತಾರೆ? ಬಾಣಂತನದಲ್ಲೂ ಹಂಗೇ ಅಲ್ವಾ ಹೇಳೋದು?”

“ಸರಿ, ಆಮೇಲೆ? ಇನ್ನು ಪರವಾಗಿಲ್ಲ ಅಂತ ಹೇಳಿದ್ರಾ?”

ಅತ್ತಿಗೆಯ ಕೈ ನಿಂತಿತು. “ಅಯ್ಯೋ, ಏನೇ ನೀನು! ಅಕ್ಕ ಆದೋಳು ತಮ್ಮನ್ ಹತ್ರ ಹೋಗಿ, ಇನ್ನು ಹೆಂಡ್ತಿ ಪಕ್ಕ ಮಲ್ಗಪ್ಪಾ ಅಂತಾಳಾ? ನಾಚ್ಕೆ ಮಾನ ಬೇಡ್ವಾ?”

ತಪ್ಪು ಅವರದಲ್ಲ. ಇಂಥ ಮಾತನ್ನು ನಮ್ಮ ಮನೆಗಳಲ್ಲಿ ಗಂಡನಿಗೆ ನೇರವಾಗಿ ಯಾರೂ ಹೇಳುವುದಿಲ್ಲ, ಹಿರಿಯ ಹೆಂಗಸಿನ ಬಾಯಿಂದಲೇ ಹೋಗಬೇಕು. ದೂರ ಇರು ಎನ್ನುವ ಅಧಿಕಾರ ಅವಳಿಗಿದೆ. ಬಾಣಂತನವಾದರೆ ಅದು ಮುಗಿದದ್ದು ತಾನಾಗಿ ಗೊತ್ತಾಗುತ್ತದೆ. ಒಳ್ಳೆಯ ದಿನ ನೋಡಿ, ಮಡಿಲು ತುಂಬಿ, ಮಗುವಿನ ಜೊತೆ ಗಂಡನ ಮನೆಗೆ ಕಳಿಸುತ್ತಾರೆ. ಯಾರೂ ಏನೂ ಬಿಡಿಸಿ ಹೇಳಬೇಕಿಲ್ಲ. ಕ್ಯಾನ್ಸರ್ ಮುಗಿಸಿಕೊಂಡು ಬಂದವಳಿಗೆ ಅಂಥದ್ದೊಂದು ಶಾಸ್ತ್ರವಿಲ್ಲ. ನಾನಂತೂ ನನ್ನ ಮನೆಯಲ್ಲೇ ಇದ್ದೆ. ನನ್ನನ್ನು ಎಲ್ಲಿಂದ ಎಲ್ಲಿಗೆ ಕಳಿಸುತ್ತಾರೆ?

ನಸ್ರೀನ್ ಪೆನ್ನು ಕೆಳಗಿಟ್ಟಳು. “ಎರಡು ವರ್ಷದಿಂದಾನಾ ಮೇಡಂ?”

“ಹೂಂ.”

“ಅದು ಕೆಲವು ವಾರದ ಮಾತು ಮೇಡಂ. ಆಮೇಲೆ ಡಾಕ್ಟರು ನೋಡಿ ಹೇಳ್ತಾರೆ. ನೋವು ಗೀವು ಇದ್ರೂ ಅದಕ್ಕೆ ಜೆಲ್ ಇದೆ, ಎಕ್ಸರ್ಸೈಜ್ ಇದೆ. ಮುಂದಿನ ಚೆಕಪ್‌ಗೆ ಬನ್ನಿ, ನಾನೇ ಕರ್ಕೊಂಡ್ ಹೋಗ್ತೀನಿ.” ಈ ಸಲ ನನ್ನ ಮುಖ ನೋಡಿಯೇ ಹೇಳಿದಳು. “ಆದ್ರೆ ಪಕ್ಕದಲ್ಲಿ ಕೂರೋದಕ್ಕೆ, ಕೈ ಹಿಡ್ಕೊಳ್ಳೋದಕ್ಕೆ ಯಾರೂ ಒಂದಿನಾನೂ ಬೇಡ ಅಂದಿರ್ಲಿಲ್ಲ ಮೇಡಂ.”

ನನಗೆ ಅಳು ಬಂತು. ಕಾಯಿಲೆ ಇದೆ ಎಂದಾಗ ಅಳದವಳು, ತಲೆಗೂದಲು ತೆಳ್ಳಗಾದಾಗ ಅಳದವಳು, ಮಗಳ ವಯಸ್ಸಿನ ಹುಡುಗಿಯ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿಗೆ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಸಂಜೆ ಮನೆಯವರು ಬಂದರು. ಎಳನೀರನ್ನು ಟೀಪಾಯಿಯ ಮೇಲಿಟ್ಟರು. ಶೂ ಬಿಚ್ಚಲು ಬಗ್ಗಿದ್ದಾಗಲೇ ಕೇಳಿದೆ. ಮುಖ ನೋಡಿಕೊಂಡು ಕೇಳಲು ನನ್ನಿಂದ ಆಗುತ್ತಿರಲಿಲ್ಲ.

“ಡಿಸ್ಚಾರ್ಜ್ ದಿನ ಅಕ್ಕ ನಿಮಗೆ ಏನ್ ಹೇಳಿದ್ರು?”

ಅವರು ಬಗ್ಗಿದವರು ಹಾಗೇ ಇದ್ದರು. “ದೂರ ಇರು ಅಂದ್ಲು.”

“ನೀವು ಏನಂದ್ಕೊಂಡ್ರಿ?”

“ಅಷ್ಟೊಂದು ಕರೆಂಟ್ ಕೊಟ್ಟಿದಾರೆ. ನಾನು ಮುಟ್ಟಿದ್ರೆ ನಿಂಗೆ ಏನಾದ್ರೂ ಆಗ್ಬಿಡುತ್ತೆ, ಕಾಯ್ಲೆ ತಿರ್ಗ ಬರುತ್ತೆ ಅಂದ್ಕೊಂಡೆ ಕಣೆ.”

“ಎರಡು ವರ್ಷ ಯಾರನ್ನೂ ಕೇಳ್ಲಿಲ್ವಾ?”

“ಯಾರನ್ನ ಕೇಳ್ಲಿ? ಏನಂತ ಕೇಳ್ಲಿ?” ಎಂದರು. ಆಮೇಲೆ ತಮಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದರು. “ಫ್ಯಾಕ್ಟರೀಲಿ ಮೆಷಿನ್ ನಿಲ್ಸಿ ಟ್ಯಾಗ್ ಹಾಕಿದ್ರೆ, ಹಾಕಿದೋರೇ ಬಂದು ತೆಗೀಬೇಕು. ಬೇರೆಯೋರು ಮುಟ್ಟಂಗಿಲ್ಲ, ಯಾರಿಗೋ ಪೆಟ್ಟಾಗುತ್ತೆ. ಅಕ್ಕ ಆಮೇಲೆ ಏನೂ ಹೇಳ್ಲಿಲ್ಲ. ಕಾಯ್ತಾ ಇದ್ದೆ.”

“ನಾನೇನು ಮೆಷಿನ್ನೇನ್ರೀ?” ಎಂದೆ, ನಗಿಸೋಣವೆಂದು. ಇಬ್ಬರಿಗೂ ನಗು ಬರಲಿಲ್ಲ.

“ನಾನು ನಿಮಗೆ ಅಸಹ್ಯ ಆಗೋಗಿದೀನಿ ಅಂದ್ಕೊಂಡಿದ್ದೆ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮುಖ ಸಪ್ಪಗಾಗಿತ್ತು. “ಥೂ, ಎಂಥ ಮಾತಾಡ್ತೀಯ” ಎಂದರು. ಎದ್ದು ಮುಖ ತೊಳೆಯಲು ಹೋದರು.

ಇದನ್ನು ಬರೆಯಲೇ ಎಂದು ಮರುದಿನ ಅವರನ್ನು ಕೇಳಿದೆ. “ಬರಿ. ನನ್ನಂಗೆ ಕಾಯ್ತಾ ಕೂತಿರೋರು ಎಷ್ಟ್ ಜನ ಇದಾರೋ” ಎಂದರು. ಅತ್ತಿಗೆಯನ್ನೂ ಕೇಳಿದೆ. “ನನ್ ಹೆಸ್ರು ಹಾಕ್ಬೇಡ” ಎಂದರು. ಹಾಕಿಲ್ಲ.

ಡಾಕ್ಟರುಗಳೇ, ಸಿಸ್ಟರುಗಳೇ, ನೀವು ನಮ್ಮ ಜೀವ ಉಳಿಸಿದ್ದೀರಿ. ಅದಕ್ಕೆ ಕೈಮುಗಿಯುತ್ತೇನೆ. ಆದರೆ ಖಾರ ತಿನ್ನಬೇಡಿ, ಭಾರ ಎತ್ತಬೇಡಿ ಎಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳುತ್ತೀರಲ್ಲ, ಇದನ್ನು ಮಾತ್ರ ಯಾಕೆ ಅತ್ತಿಗೆಯ ಕಿವಿಯಲ್ಲಿ ಹೇಳುತ್ತೀರಿ? ಅದೇ ಕುರ್ಚಿಗಳಲ್ಲಿ ನಮ್ಮನ್ನೇ ಕೂರಿಸಿ, ಇಷ್ಟು ವಾರ ಬೇಡ, ಆಮೇಲೆ ಪರವಾಗಿಲ್ಲ ಎಂದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ನಾವು ನಾಚಿಕೊಳ್ಳುತ್ತಿದ್ದೆವು, ಸರಿ. ನಾಚಿಕೆಯಿಂದ ಯಾರೂ ಸತ್ತಿಲ್ಲ.

ನಸ್ರೀನ್‌ಳ ರಿಸರ್ಚ್ ಮುಗಿದು, ಬೈಂಡ್ ಆಗಿ, ಯಾವ ಲೈಬ್ರರಿಯ ಯಾವ ಮೂಲೆ ಸೇರುತ್ತದೋ ಗೊತ್ತಿಲ್ಲ. ಅವತ್ತು ಹೊರಡುವಾಗ ಗೇಟಿನ ಹತ್ತಿರ ನಿಂತು, “ಇನ್ಮೇಲೆ ಯಾರ ಮನೇಲೂ ಆ ಪೇಜ್ ಬಿಡಲ್ಲ ಮೇಡಂ” ಎಂದಳು. ನನಗೆ ಅಷ್ಟು ಸಾಕು.

ಇವತ್ತು ಭಾನುವಾರ, ಅತ್ತಿಗೆ ಊರಿಗೆ ಹೊರಟರು. ಮನೆಯವರು ಅವರನ್ನು ಬಸ್ ಹತ್ತಿಸಿ ಬಂದರು. ದಿವಾನದ ಕಡೆ ಹೋದವರು, ಏನನ್ನಿಸಿತೋ, ನಾನು ಕೂತಿದ್ದ ಸೋಫಾದ ಇನ್ನೊಂದು ತುದಿಯಲ್ಲಿ ಬಂದು ಕೂತರು. ಈಗಲೂ ಕೂತಿದ್ದಾರೆ. ನಾನು ಈ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವರ ಕೈಯಲ್ಲಿ ಪೇಪರ್ ಇದೆ, ಪುಟ ತಿರುಗುತ್ತಿಲ್ಲ. ಮಧ್ಯೆ ಒಬ್ಬರು ಆರಾಮವಾಗಿ ಕೂರುವಷ್ಟು ಜಾಗ. ಇಬ್ಬರಿಗೂ ಎಲ್ಲ ಗೊತ್ತಾಗಿದೆ, ಯಾರ ತಡೆಯೂ ಇಲ್ಲ, ಇರುವುದು ಎರಡು ವರ್ಷದ ರೂಢಿ ಮಾತ್ರ.

ಇಷ್ಟು ಜಾಗ ದಾಟಿಸಲು ಈಗ ಯಾವ ಸಿಸ್ಟರನ್ನು ಕರೆಯೋಣ?