ಕಾಕಾನ ಕಾರ್ತೂಸು ಮತ್ತು ಓಡಿಹೋದ ಚಿಗರಿಗಳು

ಹಣೆ ತುಂಬ ವಿಭೂತಿ. ಮೊಟ್ಟೆ ಹಾಕಿದ್ದಾರೆಂದು ಮೊಮ್ಮಗಳ ಬರ್ತ್‌ಡೇ ಕೇಕನ್ನೂ ಮುಟ್ಟದ ಮನುಷ್ಯ. ಅಂಥ ನಮ್ಮ ಕಾಕಾ ಕಳೆದ ವಾರ ಕಲಬುರಗಿಯ ಬಂದೂಕಿನ ಅಂಗಡಿಯಲ್ಲಿ ನಿಂತು ಕೇಳಿದರು: “ಚಿಗರಿಗಿ ಯಾವ ಕಾರ್ತೂಸ್ ಛಲೋ ರೀ?”

ನಾನು ಗಾಬರಿಯಾಗಿ ಆಚೀಚೆ ನೋಡಿದೆ. (ಚಿಗರಿ ಅಂದರೆ ಕೃಷ್ಣಮೃಗ. ಹೊಡೆದರೆ ಜೈಲು. ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?)

ಆದರೆ ಕಾಕಾನ ಕಷ್ಟವೂ ಸುಳ್ಳಲ್ಲ. ಕುರಕುಂಟಾದ ಹೊಲದಲ್ಲಿ ತೊಗರಿ ಹೂವಿಗೆ ಬಂದಿದೆ. ದಿನಾ ಬೆಳಿಗ್ಗೆ ಹಿಂಡು ಇಳಿದು ಮೇಯುತ್ತದೆ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಜೋಡುನಳಿಗೆ ಬಂದೂಕು ಮನೆಯಲ್ಲಿದೆ. ಕಾಕಾ ದೂರದಿಂದ ಕಾಲಿನ ಕಡೆಗೆ ಸಣ್ಣ ಛರ್ರಾ, ಅಂದರೆ ಕಾರ್ತೂಸಿನಿಂದ ಚದುರುವ ಸೀಸದ ಕಾಳು, ಹಾರಿಸುತ್ತಾರೆ, ಅವು ಓಡುತ್ತವೆ. ಇಷ್ಟು ವರ್ಷದಲ್ಲಿ ಒಂದೂ ಸತ್ತಿಲ್ಲ ಎಂದು ಮಠದಲ್ಲಿ ಕೂಡ ಎದೆ ತಟ್ಟಿ ಹೇಳುತ್ತಾರೆ. ಈಗ ಸಣ್ಣ ಛರ್ರಾಕ್ಕೆ ಹಿಂಡು ಜಗ್ಗುತ್ತಿಲ್ಲ. ಅದಕ್ಕೇ ಈ ಖರೀದಿ.

ಅಂಗಡಿಯ ಚಾಚಾ ಚಾಳೀಸನ್ನು ಮೂಗಿಗಿಳಿಸಿದರು. “ಒಂಟಿ ಗುಂಡು ಬೇಕೇನ್ರಿ?”

“ಛೇ ಛೇ! ಅದು ಬಿದ್ರ ಸಾಯ್ತದ. ನಮ್ಮ ಎಡಗಡಿ ನಳಗಿ ಬಾಯಿ ಬಿಗಿ ಅದ, ಛರ್ರಾ ದೂರ ಹೋಗ್ತದ. ಸ್ವಲ್ಪ ದಪ್ಪಂದು ಕೊಡ್ರಿ. ಹೆದರಸಲಿಕ್ಕ ಅಷ್ಟ.”

“ಗೌಡ್ರ, ಗುಂಡು ತಾಕಿದ್ದು ಅಲ್ಲೇ ಬೀಳ್ತದ. ಛರ್ರಾ ತಾಕಿದ್ದು ಓಡ್ತದ. ಎಲ್ಲಿತನಕ ಓಡ್ತದ, ನೋಡೀರೇನು?”

ನೋಟು ಎಣಿಸುತ್ತಿದ್ದ ಕಾಕಾ ತಲೆ ಎತ್ತಿದರು.

“ಗಾಯ ಕೊಳೀತದ. ನಾಕ್ ದಿನಕ್ಕ ಮಂದಿ ಹೊಲದಾಗ ಸಾಯ್ತದ. ಹೆದರಸೋದಿದ್ರ ಪಟಾಕಿ ಹಚ್ಚರಿ. ಇದಕ್ಕ ನಾ ಕಾರ್ತೂಸ್ ಕೊಡಂಗಿಲ್ಲ.”

ಬಂದ ಗಿರಾಕಿಯನ್ನು ಹೀಗೆ ಬರಿಗೈಲಿ ಕಳಿಸುವ ವ್ಯಾಪಾರಿ ನಿಮಗೆಲ್ಲಾದರೂ ಸಿಕ್ಕಿದ್ದಾನೆಯೇ?

ಇಬ್ಬರೂ ಊರಿನ ಬಸ್ಸು ಹತ್ತಿದೆವು. ಮಳಖೇಡ ದಾಟಿದ ಮೇಲೆ ಕಾಕಾ ಮೆಲ್ಲಗೆ ಕೇಳಿದರು: “ತಮ್ಮಾ, ಹ್ವಾದ ವರ್ಷ ಹಳ್ಳದ ಆಚಿ ಹೊಲದಾಗ ಒಂದು ಸತ್ತು ಬಿದ್ದಿತ್ತಲ್ಲ... ಅದು ನಾ ಹೊಡದದ್ದೇ ಇರಬಹುದೇನು?”

ಹೌದೆನ್ನಲೇ? ಅಲ್ಲವೆನ್ನಲೇ? ಕಿಟಕಿಯ ಕಡೆ ಮುಖ ತಿರುಗಿಸಿದೆ.

ಈಗ ಕಾಕಾ ಡಬ್ಬಿ ಬಡಿಯುತ್ತಾರೆ. ಹಿಂಡು ಅರ್ಧ ಗಂಟೆಯಲ್ಲಿ ಮರಳುತ್ತದೆ. ಬದುವಿನ ಕಡೆಯ ತೊಗರಿ ಆಗಲೇ ಬೋಳಾಗಿದೆ. ಕಾಕಾ ಬಾಯಿಗೆ ಬಂದಂತೆ ಬೈಯುತ್ತಾರೆ, ಬಂದೂಕು ಮಾತ್ರ ಮುಟ್ಟುವುದಿಲ್ಲ.

ಅವರನ್ನು ನೋಡಿ ನನಗೇ ನಾಚಿಕೆ. ಮನೆಯಲ್ಲಿ, ಆಫೀಸಿನಲ್ಲಿ ನಾನೂ ಸಣ್ಣ ಛರ್ರಾ ಹಾರಿಸುವವನೇ. ಒಂದು ಕುಹಕ, ವಾಟ್ಸ್ಯಾಪಿನಲ್ಲಿ ಒಂದು ಸಾಲು. ಎದುರಿನವರು ಎದ್ದು ಹೋದರೆ ಏನೂ ಆಗಿಲ್ಲ ಎಂದುಕೊಂಡು ಚಹಾ ಕುಡಿಯುತ್ತೇನೆ.

ಕಣ್ಣೆದುರು ಬೀಳಲಿಲ್ಲ ಎಂದ ಮಾತ್ರಕ್ಕೆ, ನಾವು ಕೊಂದಿಲ್ಲ ಎಂದು ಹೇಗೆ ಹೇಳುವುದು?