ನನಗೆ ವಾಸಿಯಾದ ಕಾಮಾಲೆ

ಅತ್ತೆ, ಬಸುರಿಯರನ್ನು ವಿಚಾರಿಸಲು ಮನೆಮನೆಗೆ ಬರುವ ಆಶಾ ಅಕ್ಕ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. "ಬಸುರಿ ಕಣಪ್ಪ ರೂಪಾ, ಕಣ್ಣೆಲ್ಲ ಅಳದಿ ಆಗ್ಯದೆ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕಂಡೋಗು." ಹೂಂ ಅಂದು ಕಳುಹಿಸಿಬಿಟ್ಟೆ. ಯಾರೂ ಹೇಳಲಿಲ್ಲ ಎಂದು ನಿಮ್ಮ ಮುಂದೆ ಅಂದದ್ದು ಸುಳ್ಳು.

ಕಾಮಾಲೆ ಮೊದಲು ಬಂದಿದ್ದು ನನಗೆ. ನಲ್ಲಿ ಪೈಪು ಚರಂಡಿಯಲ್ಲಿ ಒಡೆದಿತ್ತು, ಆ ನೀರನ್ನೇ ನಾನೂ ರೂಪಾನೂ ಕುಡಿದಿದ್ದೆವು. ಕಾಮಾಲೆಗೆ ಇಂಗ್ಲಿಷ್ ಮದ್ದು ಆಗದು ಅನ್ನುವುದು ನಮ್ಮ ಕಡೆ ಎಲ್ಲರ ಮಾತು. ಹೊಳೆಯಾಚೆ ಕೊಡುವ ಸೊಪ್ಪಿನ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿದೆ, ಉಪ್ಪು ಬಿಟ್ಟೆ, ಎದ್ದು ಮತ್ತೆ ಟ್ರ್ಯಾಕ್ಟರ್ ಹತ್ತಿದೆ. ಪಥ್ಯದ ಅಡಿಗೆ ಮಾಡಿ ಹಾಕಿದವಳು ರೂಪಾನೇ. ಆಮೇಲೆ ಅದೇ ಕಾಮಾಲೆ ಬಂದು ಅವಳು ಮಲಗಿದಳು —

ಏಳು ತಿಂಗಳ ಹೊಟ್ಟೆ. ಅನ್ನ ಕಂಡರೆ ವಾಂತಿ.

"ನಂಗ್ಯಾಕೋ ಬ್ಯಾರೆ ತರ ಆಯ್ತದೆ ಕಣ್ರೀ. ನಂಜನಗೂಡ್ಗೆ ಅವ್ವನತ್ರ ಬುಟ್ಬುಡಿ, ಅವ್ವ ಆಸ್ಪತ್ರೆಗೆ ತೋರುಸ್ತಳೆ."

ನಾನು ನಕ್ಕೆ. "ನಂಗೇ ವಾಸಿ ಆಯ್ತು, ನಿಂಗಾಗಕಿಲ್ವಾ? ಅವ್ವನ್ ಮನೆಗೋಗಕೆ ಇದೊಂದ್ ನೆಪ!"

ಮತ್ತೆ ಅವಳು ಕೇಳಲಿಲ್ಲ. ಗದರಿಸಿ ಅದೇ ಮದ್ದು ಕುಡಿಸಿದೆ. ಕಕ್ಕಿದಳು. ಮತ್ತೆ ಕುಡಿಸಿದೆ — ಈ ಕೈಯಿಂದಲೇ.

ನಾಲಿಗೆ ತೊದಲಿ, ನಾನು ಯಾರೆಂದು ಅವಳಿಗೆ ತಿಳಿಯದಾದಾಗ ಆಟೋದಲ್ಲಿ ಹಾಕಿಕೊಂಡು ನರಸೀಪುರ ದಾಟಿ ಮೈಸೂರಿಗೆ ಓಡಿದೆ. ನೀವೂ ಬಂದಿರಿ. ನನಗೂ ಬಂದು ವಾಸಿಯಾಗಿತ್ತು ಎಂದೆ. ಡಾಕ್ಟರಮ್ಮ ಬೈಯಲೂ ಇಲ್ಲ.

"ನಿನ್ನ ಮೈ ತಡ್ಕೊಂತು. ಇದೇ ಕಾಮಾಲೆ ಬಸುರಿಗೆ ಬಂದ್ರೆ ಜೀವಕ್ಕೇ ಬರುತ್ತಪ್ಪ. ಯಾರೂ ಹೇಳ್ಲಿಲ್ವಾ?"

ನೀವು ನನ್ನ ಮುಖ ನೋಡುತ್ತಿದ್ದಿರಿ. "ಇಲ್ಲ ಮೇಡಂ" ಅಂದೆ.

ಮಗು ಹೊಟ್ಟೆಯಲ್ಲೇ ಹೋಯಿತು. ಹಿಂದೆಯೇ ಅವಳೂ.

ಮಣ್ಣು ಮಾಡಿ ಬಂದ ಮೇಲೆ ನೀವು ಆಶಾ ಅಕ್ಕನ ಬಾಗಿಲಿಗೇ ಹೋದಿರಿ. "ಒಂದ್ ಮಾತ್ ಯೋಳಿದ್ರೆ ನನ್ ಮಗಳು ಉಳೀತಿದ್ಲಲ್ಲೇ ಪಾಪಿ!" ಆಕೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಊರೆಲ್ಲ ಆಕೆಗೇ ಉಗಿಯಿತು, ಆಕೆ ಕೆಲಸ ಬಿಟ್ಟರು. ಆದರೂ ನನ್ನ ಹೆಸರು ಎಲ್ಲೂ ಎತ್ತಲಿಲ್ಲ — ಯಾಕೋ —

ನೀವು ಈಗಲೂ ನನ್ನ ತಲೆ ಸವರಿ "ನಿಂಗೇನ್ ಗೊತ್ತಿತ್ತು ಮಗ" ಅನ್ನುತ್ತೀರಿ. ಗೊತ್ತಿತ್ತು ಅತ್ತೆ. ನಾಳೆ ಆಕೆಯ ಮನೆ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಇದನ್ನೇ ಹೇಳುತ್ತೇನೆ. ಅದಕ್ಕೆ ಮೊದಲು ನಿಮಗೆ ಹೇಳಬೇಕಿತ್ತು, ಹೇಳಿದೆ.